ಕದಲದ ಪಿತ್ತ

ಬೆಳಗಿನ ಆರು ಗಂಟೆ. ಪ್ರಾಣಿಗಳ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಹತ್ತು ವರ್ಷದ ಕಂದು ನಾಯಿ ಮೇಜಿನ ಮೇಲೆ ಅಂಗಾತ ಮಲಗಿದೆ. ಮೂರು ದಿನದಿಂದ ಅದು ಊಟ ಮುಟ್ಟಿಲ್ಲ. ಸಾಕಿದ ಮುದಿ ದರ್ಜಿ ಅದರ ಮುಂಗಾಲು ಹಿಡಿದು ನಿಂತಿದ್ದಾರೆ. ಎಲ್ಲರೂ ‘ಸ್ಕ್ಯಾನಕ್ಕ’ ಎಂದೇ ಕರೆಯುವ ತಂತ್ರಜ್ಞೆ, ಕೂದಲು ಬೋಳಿಸಿದ ಹೊಟ್ಟೆಗೆ ಜೆಲ್ ಸವರಿ, ಬಲಪಕ್ಕೆಯ ಕೆಳಗೆ ಯಂತ್ರದ ಹಿಡಿಯನ್ನು ಒತ್ತುತ್ತಾರೆ.

ತೆರೆಯ ಮೇಲೆ ಪಿತ್ತಕೋಶ ಮೂಡುತ್ತದೆ. ಕಪ್ಪಗೆ, ತಿಳಿಯಾಗಿ ಕಾಣಬೇಕಾದ ಕಡೆ ಬೂದು ಗಸಿ ತುಂಬಿದೆ. ಗಸಿ ಎಷ್ಟೋ ನಾಯಿಗಳಲ್ಲಿ ಇರುತ್ತದೆ; ಮಗ್ಗುಲು ಬದಲಿಸಿದರೆ ಕೆಳಕ್ಕೆ ಜಾರುತ್ತದೆ. ಅಕ್ಕ ನಾಯಿಯನ್ನು ಮೆಲ್ಲಗೆ ಹೊರಳಿಸಿ ಕಾಯುತ್ತಾರೆ. ಗಸಿ ಕದಲುವುದಿಲ್ಲ. ಅದರಲ್ಲಿ ಅಡ್ಡ ಕೊಯ್ದ ನಿಂಬೆಹಣ್ಣಿನಂಥ ಗೆರೆಗಳು. ಪಿತ್ತ ಲೋಳೆಗಟ್ಟಿ ಬಿಗಿದಿದೆ. ಕೋಶದ ಪಕ್ಕದಲ್ಲಿ ಕಪ್ಪು ಎಳೆಯೊಂದು: ಏನೋ ಸೋರುತ್ತಿದೆ.

ಡ್ಯೂಟಿ ಡಾಕ್ಟರ ಚೀಟಿಯಲ್ಲಿ ಮಾತ್ರ ‘ಅಜೀರ್ಣ, ಸ್ಕ್ಯಾನ್ ಮುಗಿಸಿ ಮನೆಗೆ’ ಎಂದಿದೆ. ಚಿತ್ರ ತೆಗೆಯುವುದಷ್ಟೇ ಅಕ್ಕನ ಕೆಲಸ. ರೋಗದ ಹೆಸರು ಹೇಳುವುದಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಅವರು ಇಲ್ಲಿಗೆ ನೆಲ ಒರೆಸಲು ಬಂದವರು. ನಾಯಿ ಹಿಡಿದುಕೊಳ್ಳಲು ಕರೆದಾಗ ತೆರೆ ನೋಡಿ ನೋಡಿ ಕಲಿತು, ಆಮೇಲೆ ಪರೀಕ್ಷೆ ಕಟ್ಟಿ ಪಾಸಾದರು. ಈಗ ದಿನಕ್ಕೆ ಇಪ್ಪತ್ತು ಸ್ಕ್ಯಾನ್. ಬಲಭುಜ ಮೇಲೇಳದು, ಅವರ ತಲೆ ಬಾಚುವುದು ಮಗಳು. ಕೈತುಂಬ ಹಲ್ಲಿನ ಗುರುತು.

“ನಾಯಿ ಕಚ್ಚಿದ್ದು ವಾಸಿಯಾಗತ್ತೆ. ಒಂದ್ಸಲ ಇಂಥದ್ದೇ ಕಂಡಾಗ ನನಗ್ಯಾಕೆ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಮಾರನೇ ದಿನ ಆ ನಾಯಿ ಹೋಯ್ತು. ಆ ಗಾಯ ಇನ್ನೂ ವಾಸಿಯಾಗಿಲ್ಲ,” ಎನ್ನುತ್ತಾರೆ ಅಕ್ಕ.

ಅಕ್ಕ ಹೋಗಿ ಡಾಕ್ಟರನ್ನು ಕರೆತರುತ್ತಾರೆ. ಎಳೆವಯಸ್ಸಿನ ಡಾಕ್ಟರ ಹುಬ್ಬು ಗಂಟಿಕ್ಕಿದೆ.

“ಏನಕ್ಕ, ಇಲ್ಲಿ ಡಾಕ್ಟರು ಯಾರು, ನೀವಾ ನಾನಾ?”

“ನೀವೇ ಸಾರ್. ಅದಕ್ಕೇ ಕರೆದೆ. ಹೊರಳಿಸ್ತೀನಿ, ನೋಡಿ. ಗಸಿ ಕದಲಿದ್ರೆ ನನ್ನ ಮಾತು ಸುಳ್ಳು.”

ನಾಯಿ ನರಳುತ್ತದೆ. ದರ್ಜಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣಾಡಿಸುತ್ತಾರೆ. ಡಾಕ್ಟರು ತೆರೆಯತ್ತ ಬಾಗಿ, ಬಹಳ ಹೊತ್ತು ನೋಡಿ, ಶಸ್ತ್ರಚಿಕಿತ್ಸೆಯ ಕೋಣೆಗೆ ಫೋನ್ ಮಾಡುತ್ತಾರೆ.

ಅಲ್ಲಿಂದ ಎರಡು ಗಂಟೆ ಅಕ್ಕನ ಕೈ ಬೇರೆ ನಾಯಿಗಳ ಮೇಲೆ, ಕಿವಿ ಬಾಗಿಲ ಮೇಲೆ. ಕೊನೆಗೆ ಸುದ್ದಿ ಬರುತ್ತದೆ: ಕೋಶ ತೂತುಬಿದ್ದಿತ್ತು, ತೆಗೆದಿದ್ದಾರೆ, ನಾಯಿ ಉಸಿರಾಡುತ್ತಿದೆ. ಇನ್ನು ಮೂರು ದಿನ ದಾಟಿದರೆ ಗೆದ್ದಂತೆ. ದರ್ಜಿ ಬೆಂಚಿನ ಮೇಲೆ ಕುಸಿದು ಕೂತು ಅಳುತ್ತಾರೆ.

ವರದಿಯ ಕೆಳಗಿರುವುದು ಡಾಕ್ಟರ ಸಹಿ ಮಾತ್ರ. ಬೇಸರವಿಲ್ಲವೇ ಎಂದರೆ ಅಕ್ಕ ಭುಜ ನೀವಿಕೊಳ್ಳುತ್ತಾರೆ.

“ಸಹಿ ಯಾರದಾದ್ರೂ ಇರ್ಲಿ ಬಿಡಿ. ಇನ್ನೊಂದ್ಸಲ ನಾನು ಕರೆದಾಗ ಯಾಕೆ ಅಂತ ಕೇಳದೆ ಎದ್ದು ಬಂದ್ರೆ ಸಾಕು.”