ರಾಜಗಿರಿಗೆ ಕೂಸಿನ ಜಳಕದ ನೀರು

ವಿಶಾಖಾಳಿಗೆ ಹೆದರಿಕೆ ಹೊಸದಲ್ಲ. ಬೀದರಿನಲ್ಲಿ ಬಿ.ಕಾಂ. ಓದುವಾಗ, ಹಾಲ್ ಟಿಕೆಟ್ ಚೀಲದಲ್ಲಿದೆಯೇ ಎಂದು ಪರೀಕ್ಷೆಯ ಹಾದಿಯಲ್ಲಿ ಮೂರು ಸಲ ತೆಗೆದು ನೋಡುತ್ತಿದ್ದವಳು. ಮದುವೆಯಾಗಿ ಔರಾದ ತಾಲೂಕಿನ ಸಂತಪುರಕ್ಕೆ ಬಂದು, ಅಶ್ವಜಿತ ಹುಟ್ಟಿದ ಮೇಲೆ ಆ ಹೆದರಿಕೆಗೆ ದಿನವಿಡೀ ಕೆಲಸ ಸಿಕ್ಕಿತು. ನೀರನ್ನು ಎರಡು ಸಲ ಕುದಿಸುವಳು. ಮಲಗಿದ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವಳು. ಅತ್ತೆ ಅನುಸೂಯಾಬಾಯಿ ಕಾಲ ಮೇಲೆ ಹಾಕಿಕೊಂಡು ಎರೆಯಲು ಕೂಸನ್ನು ಕೇಳಿದರೆ, ಮೂಗಿಗೆ ನೀರು ಹೋದೀತೆಂದು ಕೊಡುತ್ತಿರಲಿಲ್ಲ. ತಾನೇ ಟಬ್ಬಿನಲ್ಲಿ ಕೂರಿಸಿ ಜಳಕ ಮಾಡಿಸುತ್ತಿದ್ದಳು.

ಫೆಬ್ರುವರಿ ಕೊನೆಗೆ ಬೀದರಿನ ಡಾಕ್ಟರು, ಹತ್ತು ತಿಂಗಳ ಅಶ್ವಜಿತನಿಗೆ ರಕ್ತ ಕಮ್ಮಿ ಎಂದರು. ಹನಿ ಔಷಧಿ ಬರೆದುಕೊಟ್ಟು, ದಿನಾ ಸೊಪ್ಪು ಬೇಯಿಸಿ ಅರೆದು ತಿನ್ನಿಸಲು ಹೇಳಿದರು. ಸಂತೆಯ ಸೊಪ್ಪಿಗೆ ಹುಳ ಸಾಯಲೆಂದು ಯಾವ ಎಣ್ಣೆ ಹೊಡೆದಿರುತ್ತಾರೋ ಎಂಬ ಚಿಂತೆ ವಿಶಾಖಾಳಿಗೆ ಬಸ್ಸಿನಲ್ಲೇ ಶುರುವಾಯಿತು. ಊರಲ್ಲಿ ಇಳಿಯುವ ಹೊತ್ತಿಗೆ ನಿರ್ಧಾರವೂ ಆಗಿತ್ತು: ಹಿತ್ತಲಲ್ಲಿ ತಾನೇ ಬೆಳೆಯುವುದು.

ಫೋನಿನಲ್ಲಿ ನೋಡಿದಂತೆ ಇಟ್ಟಂಗಿ ಜೋಡಿಸಿ, ಮಣ್ಣು ಮೊಣಕಾಲೆತ್ತರ ಏರಿಸಿ, ರಾಜಗಿರಿ ಸೊಪ್ಪಿನ ಬೀಜ ಉದುರಿಸಿದಳು.

"ಇದೇನ ವಿಶಾಖಾ, ಕುಂತು ಹರಟಿ ಹೊಡೀಲಾಕ ಕಟ್ಟಿ ಕಟ್ಟೀದೇನ?" ಎಂದರು ಅತ್ತೆ.

"ಹಿಂಗ ಮಾಡಿದ್ರ ಬೇರು ಛಲೋ ಇಳೀತಾವ್ರಿ ಅತ್ತಿ."

"ಇಳೀತಾವ, ಇಳೀತಾವ. ಅವಕ್ಕಿಂತ ಮೊದಲ ನೀರ ಇಳದ ಹೋಗ್ತದ."

ಹಾಗೇ ಆಯಿತು. ಬೆಳಿಗ್ಗೆ ಹನಿಸಿದ ನೀರು ಮಧ್ಯಾಹ್ನಕ್ಕೆ ಬಿಸಿಗಾಳಿಯ ಪಾಲು. ನಳ ಬರುವುದೋ ನಾಲ್ಕು ದಿನಕ್ಕೊಮ್ಮೆ. ದಿನಾ ತಪ್ಪದೆ ಸಿಗುವುದು ಕೂಸಿನ ಜಳಕದ ನೀರೊಂದೇ ಎಂದು ಹೊಳೆದು, ಸೋಪು ಬೆರೆತ ಆ ನೀರನ್ನು ಟಬ್ಬಿನ ಸಮೇತ ಹೊತ್ತು ತಂದು ಸುರಿಯತೊಡಗಿದಳು. ವಾರದೊಳಗೆ ಮಣ್ಣಿನ ಮೇಲೆ ಬಿಳಿ ಪದರ, ಎಳೆ ಸಸಿಗಳ ಅಂಚೆಲ್ಲ ಸುಟ್ಟಂತೆ.

"ಸಾಬಾನ ಕುಡಿಸಿದ್ರ ಪಲ್ಲೆ ಬೆಳೀತದೇನ?" ಅನುಸೂಯಾಬಾಯಿ ಬಿಳಿ ಮಣ್ಣನ್ನು ಬೆರಳಲ್ಲಿ ಒಡೆದು ತೋರಿಸಿದರು. "ನಿನ್ನ ಗಂಡ ಕೂಸಿದ್ದಾಗ ನಾ ಕಡ್ಲಿಹಿಟ್ಟ ಹಚ್ಚಿ ಎರದೀನಿ. ಆ ನೀರ ಕುಡದ ಬದನಿಗಿಡ ಮನಿಮಂದಿಗೆಲ್ಲ ಸಾಕಾಗೂವಷ್ಟ ಕಾಯಿ ಕೊಟ್ಟಾವ."

ವಿಶಾಖಾ ಅದನ್ನೂ ಟಬ್ಬಿನಲ್ಲೇ ಮಾಡಿ ನೋಡಿದಳು. ಹಿಟ್ಟು ಹಚ್ಚಿದ ಕೂಸು ಮೀನಿನಂತೆ ಜಾರಿತು. ಗಬಕ್ಕನೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಅತ್ತೆಯ ಹತ್ತಿರ ಬಂದಳು.

"ಕಾಲ ಮ್ಯಾಲೇ ಹಾಕೊಂಡು ಎರೀಬೇಕೇನ್ರಿ ಅತ್ತಿ?"

"ಮತ್ತ, ತಲಿ ಮ್ಯಾಲ ಹಾಕೊಂಡು ಎರೀಲೇನ?"

ಅಂದೇ ಇಟ್ಟಂಗಿ ಕಿತ್ತಳು. ಗುದ್ದಲಿ ಹಿಡಿದು, ಹರಿದು ಬಂದ ನೀರು ನಿಲ್ಲುವಂತೆ ನೆಲಕ್ಕಿಂತ ಒಂದು ಗೇಣು ತಗ್ಗಾಗಿ ಮಡಿ ಅಗೆದಳು. ಅಂಗೈಯಲ್ಲಿ ಬೊಕ್ಕೆ ಎದ್ದವು. ಬಟ್ಟೆ ಸುತ್ತಿಕೊಂಡು ಮತ್ತೆ ಅಗೆದಳು. ತೊಗರಿ ಕಟ್ಟಿಗೆ ನೆಟ್ಟು, ಹಳೆಯ ಸೀರೆ ಬಿಗಿದು ನೆರಳು ಮಾಡಿದಳು. ಹೊಸದಾಗಿ ಬೀಜ ಹಾಕಿ, ಮಡಿಯ ತಲೆಗೆ ಒಂದು ಚಪ್ಪಟೆ ಕಲ್ಲು ಎಳೆದು ತಂದಿಟ್ಟಳು. ಮರುದಿನ ಅನುಸೂಯಾಬಾಯಿ ಅದರ ಮೇಲೆ ಕುಳಿತು ಕಾಲು ಚಾಚಿದರು. ಕೂಸನ್ನು ಕೊಡುವಾಗ ವಿಶಾಖಾ ಒಂದು ಗಳಿಗೆ ಬಿಡಲೇ ಇಲ್ಲ.

"ಕೊಡ್ತಿಯೋ, ನಿನ್ನೂ ಕೂಡೇ ಎರೀಲೋ?"

ಕೊಟ್ಟಳು. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು, ಕೂಸಿನ ಮೂಗಿಗೆ ಅಂಗೈ ಮರೆ ಹಿಡಿದು, ತಾನೇ ಉಸಿರು ಕಟ್ಟಿಕೊಂಡಳು. ಅಶ್ವಜಿತ ಮೊದಲು ಚೀರಿ, ಆಮೇಲೆ ಕೇಕೆ ಹಾಕಿದ. ಹಿಟ್ಟಿನ ನೀರು ಕಲ್ಲಿನಿಂದ ಇಳಿದು ಮಡಿಯಲ್ಲಿ ನಿಂತಿತು.

ದಿನಾ ಹೀಗೇ ನಡೆಯಿತು. ತಿಂಗಳೊಳಗೆ ರಾಜಗಿರಿ ಗೇಣುದ್ದ ಬಂತು. ವಿಶಾಖಾ ಅರ್ಧ ಮಡಿ ಕೊಯ್ದು, ಬೇಳೆಯೊಂದಿಗೆ ಬೇಯಿಸಿ ಅರೆದಳು. ಅಶ್ವಜಿತ ಮೊದಲ ಚಮಚ ಉಗುಳಿದ. ಅವಳು ಬಾಯೊರೆಸಿ ಎರಡನೆಯದು ಇಟ್ಟಳು. ನುಂಗಿದ. ಮೂರನೆಯದಕ್ಕೆ ತಾನೇ ಬಾಯಿ ತೆರೆದ.

ಮರುದಿನ ಅನುಸೂಯಾಬಾಯಿ ಭಾಲ್ಕಿಯ ಮಗಳ ಮನೆಗೆ ಹತ್ತು ದಿನಕ್ಕೆಂದು ಹೊರಡುವವರಿದ್ದರು. ಉಳಿದರ್ಧ ಮಡಿಗೆ ಅಷ್ಟು ದಿನ ನೀರು ತಪ್ಪಿಸುವಂತಿರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ವಿಶಾಖಾ ಸೀರೆ ಮೇಲೆತ್ತಿ ಕಲ್ಲಿನ ಮೇಲೆ ಕುಳಿತು ಕಾಲು ಚಾಚಿದಳು.

"ಹೆದರಿಕಿ ಬರಂಗಿಲ್ಲೇನ?"

"ಬರ್ತದ್ರಿ ಅತ್ತಿ," ಎಂದು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. "ನೀವು ಅವನ ಮೂಗಿನ ಕಡಿ ನೋಡ್ರಿ. ನಾ ನೀರ ಹಾಕ್ತೇನಿ."