ಅತ್ತೆಯ ಚಿತ್ರಕ್ಕೆ ಹಾಕಿದ ಬಲ್ಬು

ನಮ್ಮತ್ತೆ ಶೇಂಗಾ ಸುಲಿಯುವಾಗ ಕೈ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿದ್ದರು. ಮೊರ ಮಡಿಲಲ್ಲಿ, ಬೆರಳು ತನ್ನ ಪಾಡಿಗೆ ಟಪ್ ಟಪ್ ಎನ್ನುತ್ತಿತ್ತು. ಹೊಸ್ತಿಲ ಮೇಲೆ ಯಾರ ನೆರಳು ಬಿದ್ದರೂ ಮೊದಲ ಮಾತು ಅತ್ತೆಯದೇ ಆಗಬೇಕು: "ಬರ್ರಿ, ಕುಂತ್ಕಳ್ರಿ. ಉಂಡ್ರಾ?" ಧರ್ಮಪುರದ ಕಡೆಯ ಕುರಿ ಸಾಕುವ ಮನೆಯ ಹೆಣ್ಣುಮಗಳು. ಹಿರಿಯೂರಿಗೆ ಬಂದು ನಡುಮನೆಯ ಚಾಪೆಯ ಮೇಲೆ ಕೂತರೂ ಮಂದೆ ಕಾಯುವ ಕಣ್ಣು ಹೋಗಿರಲಿಲ್ಲ.

ನನ್ನ ಮಗಳು ವೀಣಾ ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯುವಾಗ ಅಜ್ಜಿಯ ಮುಖವನ್ನು ಇದ್ದಿಲಿನಲ್ಲಿ ಬರೆದಳು. ಹಣೆಯ ಗೆರೆ, ಮೂಗುಬೊಟ್ಟು, ಮುಚ್ಚಿದ ಬಾಯಲ್ಲಿ ತಡೆದ ನಗು ಎಲ್ಲ ಇತ್ತು. ಅವಳು ಬರೆದದ್ದರಲ್ಲಿ ಗೋಡೆಗೆ ಏರಿದ ಮೊದಲ ಚಿತ್ರ ಅದೇ. ಗಾಜು ಹಾಕಿಸಿ ಅತ್ತೆಯ ಚಾಪೆಯ ಮೇಲುಗಡೆ ತೂಗುಹಾಕಿದೆವು. ಟ್ಯೂಬ್‌ಲೈಟು ಹಾಕಿದರೆ ಗಾಜಿನಲ್ಲಿ ಟ್ಯೂಬ್‌ಲೈಟೇ ಕಾಣುತ್ತಿತ್ತು, ಅತ್ತೆ ಕಾಣುತ್ತಿರಲಿಲ್ಲ. ಚಿತ್ರಕ್ಕೇ ಬೇರೆ ಬಲ್ಬು ಬೇಕೆಂದು ಮಗಳ ಹಟ. ಅತ್ತೆಗೆ ಸುತರಾಂ ಒಪ್ಪಿಗೆಯಿಲ್ಲ.

"ಗ್ವಾಡೆ ಮ್ಯಾಲೆ ದೀಪ ಹಾಕೋದು ದೇವ್ರಿಗೆ, ಇಲ್ಲಾಂದ್ರೆ ಸತ್ತೋರಿಗೆ. ನಾನು ದೇವ್ರಂತೂ ಅಲ್ಲ."

"ಅಜ್ಜಿ, ಅದು ಫೋಟೋ ಅಲ್ಲ, ಚಿತ್ರ."

"ಬಂದೋರಿಗೆ ಅದು ಗೊತ್ತಾಗ್ತೈತೇನೇ?"

ಇಬ್ಬರ ನಡುವೆ ನಾನು. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು, ಇವರಿಬ್ಬರ ಮಾತು ಮುಗಿಯುತ್ತಿರಲಿಲ್ಲ. ಸಾಕಾಗಿ, ಮಗಳು ಹೇಳಿದಂತೆ ಚಿತ್ರದ ನೆತ್ತಿಗೇ ಒಂದು ಬಿಳಿ ಬಲ್ಬು ಹಾಕಿಸಿಬಿಟ್ಟೆ.

ಆ ವಾರವೇ ಆದಿವಾಲದಿಂದ ನೆಂಟರು ತಿಪ್ಪೇಸ್ವಾಮಣ್ಣ ಬಂದರು. ಅತ್ತೆ ಹಿತ್ತಲಲ್ಲಿದ್ದರು. ಉರಿಯುವ ಬಲ್ಬು, ಕೆಳಗೆ ಗಾಜಿನೊಳಗೆ ಅತ್ತೆಯ ಮುಖ. ಅಣ್ಣ ಚಪ್ಪಲಿ ಬಿಟ್ಟು, ಹೆಗಲ ಟವೆಲ್ಲು ಬಾಯಿಗಿಟ್ಟುಕೊಂಡು ಅಳತೊಡಗಿದರು. "ಯಾವಾಗ ಹೋದ್ಲವ್ವ ಅಕ್ಕ? ನಮಗೊಂದು ಮಾತು ಹೇಳಬಾರ್ದಿತ್ತಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. "ಇನ್ನೂ ಹೊರಟಿಲ್ಲ ಕಣೋ ತಿಪ್ಪೇಸಿ. ಕುಂತ್ಕ, ಚಾ ಕುಡ್ಕಂಡು ಅಳುವಂತೆ."

ಎಲ್ಲರೂ ನಕ್ಕೆವು, ಅತ್ತೆಯೂ ನಕ್ಕರು. ಆದರೆ ಸಂಜೆ ಊಟ ಬೇಡವೆಂದರು. ಚಾಪೆಯನ್ನು ಗೋಡೆಯಿಂದ ದೂರ ಎಳೆದುಕೊಂಡು ಕೂತರು. ಅದನ್ನು ಕಂಡು ಮಗಳ ಮುಖ ಸಣ್ಣದಾಯಿತು. "ತೆಗೆದುಬಿಡ್ತೀನಮ್ಮ" ಎಂದು ಸ್ಟೂಲು ಹತ್ತಿ, ಚಿತ್ರದ ಚೌಕಟ್ಟಿಗೆ ಕೈ ಹಾಕಿದಳು.

"ತೆಗೀಬ್ಯಾಡ" ಎಂದರು ಅತ್ತೆ, ಬಾಗಿಲ ಕಡೆಯಿಂದ ಕಣ್ಣು ತೆಗೆಯದೆ. "ದೀಪದ ಜಾಗ ಬದಲಾಯ್ಸು."

ಮರುದಿನ ಬಲ್ಬು ಹಾಕುವವರನ್ನು ಮತ್ತೆ ಕರೆಸಿದೆ. ಅತ್ತೆ ಚಾಪೆಯನ್ನು ಚಿತ್ರದ ಕೆಳಗೆ ಎಳೆದುಕೊಂಡು, ಮೊರ ಇಟ್ಟುಕೊಂಡು ಕೂತೇ ಹೇಳಿದರು. "ಪಕ್ಕದ ಗ್ವಾಡೆಗೆ ತಗಳ್ರಿ. ಇನ್ನಷ್ಟು ಇಳಸ್ರಿ. ಅರ್ಧ ಅದ್ರ ಮ್ಯಾಲೆ ಬೀಳ್ಲಿ, ಅರ್ಧ ನನ್ನ ಮ್ಯಾಲೆ. ಬಂದೋರು ಮೊದ್ಲು ನನ್ನ ನೋಡ್ಲಿ, ಆಮ್ಯಾಲೆ ಅದ್ನ." ಬಿಳಿ ಬಲ್ಬಿಗೆ, "ಇದು ಆಸ್ಪತ್ರೆ ಬೆಳಕು, ಬ್ಯಾಡ" ಎಂದರು. ಹಳದಿಯದು ಹಾಕಿದಾಗ ತಲೆ ಹಿಂದಕ್ಕೆ ಚಾಚಿ ತುಸು ಹೊತ್ತು ಚಿತ್ರ ನೋಡಿದರು. "ಇದು ಒಲೆ ಮುಂದಿನ ಬೆಳಕು. ಇದ್ರಾಗೆ ನನ್ನ ಮಕ ನನ್ನದಂಗೇ ಐತೆ."

ಪಕ್ಕದಿಂದ ಬಿದ್ದ ಬೆಳಕಿಗೆ ಗಾಜಿನ ಹೊಳಪೂ ಹೋಗಿತ್ತು. ಮಗಳು ಹೊಸ್ತಿಲ ಆಚೆ ನಿಂತು ಚಿತ್ರವನ್ನೂ ಅಜ್ಜಿಯನ್ನೂ ನೋಡಿದಳು. ಅಂದು ಇಬ್ಬರೂ ಒಟ್ಟಿಗೆ ಉಂಡರು. ಅಷ್ಟು ಕೊಟ್ಟಿದ್ದಕ್ಕೇ ನಮ್ಮೂರ ದೇವರು ಮಲ್ಲಪ್ಪಸ್ವಾಮಿಗೆ ಕೈ ಮುಗಿದು ಮಲಗಿದೆ.

ಹೋದ ಸಂಕ್ರಾಂತಿ ಕಳೆದ ಮೇಲೆ ಅತ್ತೆ ನಿದ್ದೆಯಲ್ಲೇ ಹೋದರು. ನರಳಲಿಲ್ಲ, ನರಳಿಸಲಿಲ್ಲ. ಅದೂ ದೇವರ ದಯೆಯೇ. ತಿಥಿಯ ದಿನ ತಿಪ್ಪೇಸ್ವಾಮಣ್ಣನೇ ಹೇಳಿದರು, "ಈಗಾದ್ರೂ ದೀಪಾನ ನೆಟ್ಟಗೆ ಮ್ಯಾಲಕ್ಕೆ ಹಾಕಿಸವ್ವ. ಒಂದು ಹಾರ ಹಾಕು." ಮಗಳು ನನ್ನ ಮುಖ ನೋಡಿದಳು. ಹಾರವನ್ನು ಒಳಗಿನ ಕೋಣೆಯಲ್ಲಿದ್ದ ಅತ್ತೆಯ ಫೋಟೋಗೆ ಹಾಕಿದೆ. ಬಲ್ಬು ಮುಟ್ಟಲು ಬಿಡಲಿಲ್ಲ.

ಬೆಳಕು ಈಗಲೂ ಅರ್ಧ ಚಾಪೆಯ ಮೇಲೆ ಬೀಳುತ್ತದೆ. ಖಾಲಿ ಚಾಪೆ ನೋಡಲಾರದೆ ಕೆಲವು ದಿನ ಸ್ವಿಚ್ಚೇ ಹಾಕಲಿಲ್ಲ. ಈಗ ಸಂಜೆ ದೇವರಿಗೆ ದೀಪ ಹಚ್ಚಿ, ಇದನ್ನೂ ಹಾಕಿ, ಮೊರ ತಂದು ನಾನೇ ಅಲ್ಲಿ ಕೂರುತ್ತೇನೆ. ಸೊಂಟ ಹಿಡಿದುಕೊಳ್ಳುತ್ತದೆ. ಕೈ ನೋಡದೆ ಸುಲಿಯಲು ನನಗೆ ಬರುವುದಿಲ್ಲ. ಆದರೂ ಹೊಸ್ತಿಲ ಮೇಲೆ ನೆರಳು ಬಿದ್ದರೆ ತಲೆ ಎತ್ತಿ, "ಬರ್ರಿ, ಕುಂತ್ಕಳ್ರಿ" ಎನ್ನುತ್ತೇನೆ. ಬಂದವರು ಮೊದಲು ನನ್ನನ್ನು ನೋಡುತ್ತಾರೆ, ಆಮೇಲೆ ಅತ್ತೆಯನ್ನು.