ಬಾವಂಚಿ ಎಣ್ಣೆ ಒರೆಸಿ ಮಾಳಿಗೆ ಏರಿದ್ದು

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ತಂಗಿಯ ಎಡಗಣ್ಣಿನ ರೆಪ್ಪೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿತು. ತೊನ್ನು ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಮುರಗೋಡದ ಸೋದರತ್ತೆ ಬಾವಂಚಿ ಬೀಜದ ಎಣ್ಣೆ ತಂದಳು. ಮುಂಜಾನೆ ಹಚ್ಚಿಕೊಂಡು ಎಳೆಬಿಸಿಲಿಗೆ ತುಸು ಹೊತ್ತು ಕೂತು, ತೊಳೆದು ನೆರಳಿಗೆ ಬರಬೇಕು. ಬಣ್ಣ ಮರಳುತ್ತದೆ ಎಂದಳು.

ಒಂದು ಮುಂಜಾನೆ ಸವದತ್ತಿಯ ನಮ್ಮ ಓಣಿಯಲ್ಲಿ ಎದುರುಮನೆಯವರು ವರ್ಷದ ಶ್ಯಾವಿಗೆ ಮಾಡುವುದಿತ್ತು. ನಮ್ಮ ಶ್ಯಾವಿಗೆಗೆ ಅವರು ಬಂದು ದುಡಿದಿದ್ದರು. ಆ ಮುಯ್ಯಿ ತೀರಿಸಲು ನಮ್ಮಿಂದ ಒಬ್ಬರು ಹೋಗಲೇಬೇಕು. ತಂಗಿ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗಲೇ ಎದುರಿನ ಮಾಳಿಗೆಯಿಂದ ಆ ಮನೆಯಾಕೆ, ನಾವು ಕಾಕು ಎನ್ನುತ್ತಿದ್ದವರು, ಕೂಗಿದರು.

"ಏನವಾ ಮಾರಾಣಿ, ನಿಮ್ಮ ಡಬ್ಬಿ ತುಂಬಿದ ಮ್ಯಾಲ ನಮ್ಮನ್ನ ಮರ್ತಿ ಏನ?"

"ಬಂದ್ನಿ ಕಾಕೂ!"

ಸೆರಗಿನಿಂದ ರೆಪ್ಪೆ ಒರೆಸಿಕೊಂಡು ಓಡಿದಳು. ತೊಳೆಯಲಿಲ್ಲ. ನಡುಹಗಲಿನವರೆಗೆ ಮಾಳಿಗೆಯ ಬಿಸಿಲಿನಲ್ಲಿ ಶ್ಯಾವಿಗೆಯ ಹಸಿ ಎಳೆಗಳನ್ನು ಒಣಗಲು ಕೋಲಿಗೆ ಹಾಕಿದಳು.

ಸಂಜೆ ಏನೂ ಇರಲಿಲ್ಲ. ಮರುದಿನ ರೆಪ್ಪೆ ಕೆಂಪಾಗಿ ಉರಿಯಿತು. ಅದರ ಮರುದಿನ ನೀರುಗುಳ್ಳೆ ಎದ್ದು, ಕೆನ್ನೆಯವರೆಗೆ ಬಾತು, ಕಣ್ಣು ಮುಚ್ಚಿಯೇ ಹೋಯಿತು. ಅವಳು ಕೆಳಗಿಳಿದು ಬಂದ ಮೇಲೂ ಬಿಸಿಲು ಅವಳನ್ನು ಸುಡುತ್ತಲೇ ಇತ್ತು.

"ಒಳಗ ಕಣ್ಣ ಐತಿಲ್ಲೋ ನೋಡಕ್ಕಾ," ಎಂದಳು ತಂಗಿ.

ನನಗೆ ಮುಟ್ಟಲಾಗಲಿಲ್ಲ.

"ಬಿಳೇದು ಸುಡಾಕತ್ತೈತಿ, ಚಲೋನ ಆತು. ಇನ್ನೊಂದೀಟ ಹಚ್ಚೂನು," ಎಂದಳು ಅತ್ತೆ.

"ಹಚ್ಚಿದ್ದ ಸಾಕ್ರಿ ವೈನಿ!" ಅವ್ವ ಬಾಟಲಿ ಕಸಿದುಕೊಂಡಳು.

ತಲೆಗೆ ದಪ್ಪ ಸೀರೆ ಮುಚ್ಚಿ, ಗೋಡೆಗಳ ನೆರಳು ಹಿಡಿದು ತಂಗಿಯನ್ನು ದವಾಖಾನೆಗೆ ನಡೆಸಿದೆವು. ನೆರಳು ತುಂಡಾದಲ್ಲೆಲ್ಲ ನಾನು ಸೀರೆಯನ್ನು ಅವಳ ಮುಖದ ಮೇಲೆ ಇನ್ನಷ್ಟು ಎಳೆದೆ. ಈ ಎಣ್ಣೆ ಹಚ್ಚಿದ ಚರ್ಮ ಬಿಸಿಲು ತಾಳುವುದಿಲ್ಲ, ಸುಟ್ಟದ್ದು ಎರಡು ಮೂರು ದಿನ ಹೆಚ್ಚುತ್ತಲೇ ಹೋಗುತ್ತದೆ ಎಂದರು ವೈದ್ಯೆ. ಗುಳ್ಳೆ ಒಡೆಯಬಾರದು, ಅರಿಸಿನ ಬಳಿಯಬಾರದು, ತಣ್ಣೀರಿನ ಬಟ್ಟೆ ಇಡಬೇಕು, ಬಿಸಿಲು ಸೋಕಬಾರದು. ಆಮೇಲೆ ಎರಡು ಬೆರಳಿನಿಂದ ರೆಪ್ಪೆ ಬಿಡಿಸಿದರು. ತಂಗಿ ಚೀರಿದಳು.

"ಏನ್ ಕಾಣತೈತಿ ಹೇಳವಾ," ಎಂದರು ವೈದ್ಯೆ.

ಅವಳು ನನ್ನತ್ತ ಮುಖ ತಿರುಗಿಸಿದಳು.

"ನಮ್ಮಕ್ಕ ಅಳಾಕತ್ತಾಳ್ರಿ. ಮೂಗ ಸೋರಾಕತ್ತೈತಿ."

ವೈದ್ಯೆ ನಕ್ಕರು. ನನಗೆ ನಗು ಬರಲಿಲ್ಲ.

ಕಣ್ಣು ಉಳಿಯಿತು. ಸುತ್ತಲಿನ ಕರಿಕಲೆ ಹೋಗಲು ಬಹುಕಾಲ ಹಿಡಿಯಿತು. ಆ ಬೇಸಿಗೆಯಿಡೀ ತಂಗಿ ಒಳಕೋಣೆಯಲ್ಲೇ ಮಲಗಿದಳು. ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಚೌಕ ಅವಳತ್ತ ಸರಿದಂತೆಲ್ಲ ನಾನು ಚಾಪೆಯನ್ನು ಹಿಂದಕ್ಕೆ ಎಳೆಯುತ್ತಿದ್ದೆ.